ನಿದ್ದೆ ಬಾರದ ರೈತ ದುರ್ಬಲನಲ್ಲ

ಬರ ಬರಲಿ, ಸಾಲ ಬರಲಿ, ಶಾಂತಿ ನಮ್ಮೊಳಗೇ ಇದೆ, ದಿನಕ್ಕೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕುಳಿತರೆ ಸಾಕು ಎಂಬ ಲೇಖನ ಓದಿ ಸಂಕಟವಾಯಿತು. ಧ್ಯಾನದ ಬಗ್ಗೆ ನನಗೆ ತಕರಾರಿಲ್ಲ, ನಾನೂ ಮಾಡುತ್ತೇನೆ. ಆದರೆ ನೆಮ್ಮದಿ ಕಳೆದುಕೊಂಡವರ ಮನಸ್ಸೇ ದುರ್ಬಲ ಎಂಬ ಆ ಲೇಖನದ ತೀರ್ಮಾನವನ್ನು ಒಪ್ಪಲಾರೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬಿತ್ತಿದ ತೊಗರಿ ಒಣಗಿ, ಕೊಳವೆಬಾವಿ ಬತ್ತಿ, ಕೈಸಾಲದ ಬಡ್ಡಿ ಏರುತ್ತಿರುವಾಗ ರೈತನಿಗೆ ನಿದ್ದೆ ಬಾರದಿದ್ದರೆ ಅದು ಮನಸ್ಸಿನ ದೋಷವೇ? ಇದ್ದದ್ದನ್ನು ಇದ್ದಂತೆ ಕಾಣುವ ಮನಸ್ಸಿಗೇ ಹಾಗಾಗುವುದು. ಅವನಿಗೆ ಮೊದಲು ಬೇಕಾದದ್ದು ಬೆಳೆವಿಮೆಯ ಹಣ, ದನಗಳಿಗೆ ಮೇವು, ಸಂಜೆ ಜಗಲಿಗೆ ಬಂದು ಕೂರುವ ನೆರೆಯವರು.

ಉಸಿರಾಟದ ಅಭ್ಯಾಸ ಆತಂಕ ತಗ್ಗಿಸುತ್ತದೆ, ನಿಜ. ಹಾಗೆಂದು ವಾರಗಟ್ಟಲೆ ಊಟ ಸೇರದೆ, ಬದುಕೇ ಬೇಡ ಎನ್ನುತ್ತಿರುವವರನ್ನು ಒಂಟಿಯಾಗಿ ಕಣ್ಣು ಮುಚ್ಚಿ ಕೂರಲು ಹೇಳುವುದು ಅಪಾಯ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ; 14416ಕ್ಕೆ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಅಷ್ಟುದ್ದದ ಲೇಖನದಲ್ಲಿ ಈ ಐದು ಅಂಕಿಗಳಿಗೆ ಒಂದು ಸಾಲಿನ ಜಾಗವೂ ಸಿಗಲಿಲ್ಲ.