ಎತ್ತರದ ಊರು ಮುಳುಗಿದರೆ ಆಕಾಶ ಹೊಣೆಯಲ್ಲ

ಹೈದರಾಬಾದಿನ ಮನೆಗಳಿಗೆ ಮಳೆನೀರು ನುಗ್ಗಿದಾಗಲೆಲ್ಲ ಹವಾಮಾನ ಬದಲಾವಣೆಯ ಕಡೆಗೆ ಬೆರಳು ತೋರಿಸಿ ಆಳುವವರು ಜಾರಿಕೊಳ್ಳುವುದು ಈಗ ರೂಢಿಯಾಗಿಬಿಟ್ಟಿದೆ. ಹಿಂದೆಂದೂ ಕಾಣದ ಮಳೆ, ಜಾಗತಿಕ ತಾಪಮಾನ, ಪ್ರಕೃತಿಯ ಮುನಿಸು ಎಂಬ ಈ ಮಾತುಗಳು ಬರೀ ನೆಪಗಳಷ್ಟೇ ಅಲ್ಲ, ಹವಾಮಾನ ಬದಲಾವಣೆಯಿಂದ ನಿಜವಾಗಿಯೂ ಕಾಲಡಿಯ ನೆಲವನ್ನು ಕಳೆದುಕೊಳ್ಳುತ್ತಿರುವ ಜನರಿಗೆ ಮಾಡುವ ಅವಮಾನವೂ ಹೌದು.

ಸುಮಾರು 1,200 ಹವಳ ದ್ವೀಪಗಳ ಮಾಲ್ಡೀವ್ಸ್ ದೇಶದ ಬಹುಪಾಲು ನೆಲ ಸಮುದ್ರಮಟ್ಟಕ್ಕಿಂತ ಒಂದು ಮೀಟರಿನಷ್ಟು ಮಾತ್ರ ಮೇಲಿದೆ. ಜಗತ್ತು ಉಗುಳುವ ಇಂಗಾಲದಲ್ಲಿ ಆ ದೇಶದ ಪಾಲು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು, ಆದರೂ ಸಮುದ್ರ ಏರಿದರೆ ಅಲ್ಲಿನವರಿಗೆ ಹತ್ತಿ ನಿಲ್ಲಲು ಒಂದು ಗುಡ್ಡವಿಲ್ಲ. 2009ರ ಅಕ್ಟೋಬರ್ 17ರಂದು ಅಂದಿನ ಅಧ್ಯಕ್ಷ ಮೊಹಮ್ಮದ್ ನಶೀದ್ ತಮ್ಮ ಸಚಿವ ಸಂಪುಟದ ಸಭೆಯನ್ನು ಸಮುದ್ರದ ತಳದಲ್ಲಿ ನಡೆಸಿ ಜಗತ್ತಿನ ಗಮನ ಸೆಳೆದದ್ದು ಈ ಅಸಹಾಯಕತೆಯಿಂದ. ಹೈದರಾಬಾದಿಗೆ ಅಂಥ ಯಾವ ಅಸಹಾಯಕತೆಯೂ ಇಲ್ಲ. ಅದು ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿ, ದಖ್ಖನ್ನಿನ ಕಗ್ಗಲ್ಲಿನ ಮೇಲೆ ಕುಳಿತಿರುವ ನಗರ. ಅಲ್ಲಿ ನೀರು ಇಳಿಯಲು ಇಳಿಜಾರಿದೆ, ಹರಿಯಲು ಮೂಸಿ ನದಿಯಿದೆ, ನಿಲ್ಲಲು ಒಂದು ಕಾಲಕ್ಕೆ ನೂರಾರು ಕೆರೆಗಳಿದ್ದವು. ಹಿಂದೂ ಮಹಾಸಾಗರದ ದೇಶಗಳಿಗೆ ಸುನಾಮಿಯ ಮುನ್ನೆಚ್ಚರಿಕೆ ನೀಡುವ ಇನ್‌ಕಾಯ್ಸ್, ಅಂದರೆ ಭಾರತದ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇರುವುದೂ ಇದೇ ನಗರದಲ್ಲಿ. ಸಾವಿರಾರು ಮೈಲಿ ದೂರದ ಅಲೆಯನ್ನು ಅಳೆಯಬಲ್ಲ ಊರಿಗೆ ತನ್ನ ಕೆರೆ ತುಂಬಿದರೆ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಯದೆಂದರೆ ನಂಬಲಾಗದು.

ಕಾವೇರಿದ ಗಾಳಿ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದು, ಆದ್ದರಿಂದ ಮಳೆಯ ಹೊಡೆತ ಬಲವಾಗುತ್ತಿದೆ ಎಂಬುದು ನಿಜ. ಆದರೆ ಹಿಂದೆಂದೂ ಕಾಣದ ಮಳೆ ಎಂಬುದು ನಿಜವಲ್ಲ. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದು ದಿನಕ್ಕೆ ಸುಮಾರು 19 ಸೆಂಟಿಮೀಟರ್ ಮಳೆ ಬಿತ್ತು, ಹಳೆಯ ನಗರದ ದಕ್ಷಿಣ ಭಾಗದಲ್ಲಿ ಕೆರೆಗಳು ಒಡೆದವು, ಹತ್ತಾರು ಜನ ಸತ್ತರು. ಇದೇ ಬೇಗಂಪೇಟೆಯಲ್ಲಿ 2000ದ ಆಗಸ್ಟ್ 24ರಂದು 24 ಸೆಂಟಿಮೀಟರ್ ಸುರಿದಿತ್ತು. ಅದಕ್ಕೂ ಹಿಂದೆ, 1908ರ ಸೆಪ್ಟೆಂಬರ್ 28ರಂದು, ಮೂಸಿ ಉಕ್ಕಿ ಸುಮಾರು 15,000 ಜನ ಸತ್ತರೆಂಬ ಅಂದಾಜಿದೆ. ಈ ನಗರಕ್ಕೆ ಪ್ರವಾಹ ಹೊಸದಲ್ಲ. ಪ್ರವಾಹಕ್ಕೆ ಪರಿಹಾರವೂ ಹೊಸದಾಗಿ ಹುಡುಕಬೇಕಾದದ್ದಲ್ಲ.

ಆ ಪರಿಹಾರವನ್ನು ಬರೆದುಕೊಟ್ಟವರು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. 1909ರಲ್ಲಿ ನಿಜಾಮರ ಸರ್ಕಾರದ ಕರೆಯ ಮೇರೆಗೆ ಬಂದ ಅವರು ನದಿಯ ದಂಡೆಗೆ ಗೋಡೆ ಕಟ್ಟಿಸಿ ಮುಗಿಸಲಿಲ್ಲ, ನಗರದ ಮೇಲ್ಭಾಗದ ಇಡೀ ಜಲಾನಯನ ಪ್ರದೇಶವನ್ನು, ಅಂದರೆ ಬಿದ್ದ ಮಳೆಯೆಲ್ಲ ಒಂದೇ ನದಿಗೆ ಹರಿದು ಬರುವ ಸೀಮೆಯನ್ನು, ಅಳೆಸಿದರು. ಅಲ್ಲಿ ಅವರು ಲೆಕ್ಕ ಹಾಕಿದ ಕೆರೆಗಳು 788, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ ಅನೇಕವು ಒಡೆದು ಒಂದರ ನೀರು ಇನ್ನೊಂದರ ಮೇಲೆ ಬಿದ್ದದ್ದೇ 1908ರ ಪ್ರವಾಹವನ್ನು ಭೀಕರಗೊಳಿಸಿತ್ತು. ನೆರೆಯನ್ನು ನಗರಕ್ಕೆ ಮೊದಲೇ ತಡೆದು ನಿಲ್ಲಿಸಲು ಮೂಸಿಗೂ ಅದರ ಉಪನದಿ ಈಸಿಗೂ ಒಂದೊಂದು ಜಲಾಶಯ ಬೇಕೆಂದು ಅವರು ಹೇಳಿದರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಇವನ್ನು ಕಟ್ಟಿದ್ದು ಮೊದಲಿಗೆ ನೆರೆ ತಡೆಯಲು. ಕುಡಿಯುವ ನೀರು ಅದರ ಜೊತೆಗೆ ದೊರೆತ ಲಾಭ. ಈ ಒಂದು ಸಂಗತಿ ನೆನಪಿದ್ದಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ.

1996ರ ಮಾರ್ಚ್ 8ರ ಸರ್ಕಾರಿ ಆದೇಶ ಸಂಖ್ಯೆ 111, ಈ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯ ಹರಡುವ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳಿಗೆ ತಡೆಯೊಡ್ಡಿತು. 1999ರಲ್ಲಿ ಎಂ.ವಿ. ನಾಯುಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಜಲಾಶಯಗಳ ಸಂದರ್ಭದಲ್ಲಿ ಮುನ್ನೆಚ್ಚರಿಕೆಯ ತತ್ತ್ವವನ್ನು ಎತ್ತಿಹಿಡಿಯಿತು. ಹಾನಿಯಾಗದೆಂದು ತೋರಿಸುವ ಹೊಣೆ ಕಟ್ಟುವವನದು, ಹಾನಿಯಾಗುತ್ತದೆಂದು ಸಾಬೀತುಪಡಿಸುವ ಹೊಣೆ ಜನರದಲ್ಲ ಎಂಬುದು ಆ ತತ್ತ್ವದ ಸಾರ. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆದೇಶ ಸಂಖ್ಯೆ 69ರ ಮೂಲಕ ಆ ನಿರ್ಬಂಧಗಳನ್ನು ತೆಗೆದುಹಾಕಿತು. ಕೊಟ್ಟ ಕಾರಣವೇನೆಂದರೆ, ಕೃಷ್ಣಾ ಮತ್ತು ಗೋದಾವರಿಯ ನೀರು ಬಂದಿರುವುದರಿಂದ ನಗರದ ಕುಡಿಯುವ ನೀರಿನಲ್ಲಿ ಈ ಜಲಾಶಯಗಳ ಪಾಲು ಶೇಕಡಾ 1.25ಕ್ಕಿಂತ ಕಡಿಮೆ. ನೆರೆ ತಡೆಯಲು ಕಟ್ಟಿದ ಅಣೆಯ ಉಪಯುಕ್ತತೆಯನ್ನು ನಲ್ಲಿಯ ನೀರಿನಲ್ಲಿ ಅಳೆಯಲಾಯಿತು! ಹವಾಮಾನ ಬದಲಾವಣೆಯಿಂದ ಮಳೆ ಬಿರುಸಾಗುತ್ತಿದೆ ಎಂಬುದನ್ನು ಆಳುವವರು ನಿಜಕ್ಕೂ ನಂಬಿದ್ದರೆ, ಕೈಬಿಡಬಾರದಿದ್ದ ಮೊದಲ ಆದೇಶ ಸಂಖ್ಯೆ 111. ಮಣ್ಣಿನ ಮೇಲೆ ಬಿದ್ದ ಮಳೆಯಲ್ಲಿ ಒಂದಷ್ಟು ಇಂಗುತ್ತದೆ, ಉಳಿದದ್ದು ನಿಧಾನವಾಗಿ ಬರುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದದ್ದು ಒಟ್ಟಿಗೇ ಧಾವಿಸಿ ಬಂದು ಜಲಾಶಯದ ಗೇಟು ತೆರೆಯುವವರ ಕೈಯಲ್ಲಿನ ಸಮಯವನ್ನು ಕಸಿದುಕೊಳ್ಳುತ್ತದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಜಲಾಶಯಗಳ ಗೇಟು ತೆರೆದಾಗ ಮೂಸಿಯ ನಡುಗಡ್ಡೆಯಲ್ಲಿ ಕಟ್ಟಿರುವ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೇ ನದಿ ನುಗ್ಗಿತು.

ಇದು ಒಂದು ಪಕ್ಷದ ಅಥವಾ ಒಂದು ರಾಜ್ಯದ ರೋಗವಲ್ಲ. ವಿಶ್ವೇಶ್ವರಯ್ಯನವರ ಹೆಸರನ್ನು ವೃತ್ತಕ್ಕೂ ಕಾಲೇಜಿಗೂ ಇಟ್ಟು ಹೆಮ್ಮೆಪಡುವ ಕರ್ನಾಟಕದಲ್ಲೂ 2022ರಲ್ಲಿ ಬೆಂಗಳೂರಿನ ಪೂರ್ವ ಭಾಗ ಮುಳುಗಿದಾಗ ಅನಿರೀಕ್ಷಿತ ಮಳೆಯ ಮಾತು ಕೇಳಿಬಂತು. ಭೂಮಿಯನ್ನು ಮಾರಾಟದ ಸರಕೆಂದು ಮಾತ್ರ ಕಾಣುವ ಸರ್ಕಾರಗಳು ನೀರಿನ ದಾರಿಯನ್ನು ಖಾಲಿ ನಿವೇಶನವೆಂದೇ ಓದುತ್ತವೆ. 2025ರ ವಸಂತದಲ್ಲಿ ಹೈದರಾಬಾದಿನ ಕಂಚ ಗಚ್ಚಿಬೌಲಿಯ 400 ಎಕರೆ ಹಸಿರಿಗೆ ಬುಲ್ಡೋಜರ್ ನುಗ್ಗಿಸಿದ್ದೂ, ಅದನ್ನು ತಡೆಯಲು ಸುಪ್ರೀಂ ಕೋರ್ಟೇ ಮಧ್ಯೆ ಬರಬೇಕಾದದ್ದೂ ಈ ಓದಿನಿಂದಲೇ. ಮೂಸಿ ನದಿಯನ್ನು ಉಳಿಸುವ ಹೆಸರಿನಲ್ಲಿ 2024ರಲ್ಲಿ ಚಾದರ್‌ಘಾಟ್ ಬಳಿಯ ಬಡವರ ಗೋಡೆಗಳಿಗೆ ಕೆಡವಲೆಂದು ಕೆಂಪು ಗುರುತು ಹಾಕಲಾಯಿತು; ಮೇಲ್ಭಾಗದ ಜಲಾನಯನವನ್ನು ಬಿಟ್ಟುಕೊಟ್ಟ ಸರ್ಕಾರ ಕೆಳಭಾಗದ ಗುಡಿಸಲಿನಲ್ಲಿ ತಪ್ಪಿತಸ್ಥನನ್ನು ಹುಡುಕುವುದು ಅನ್ಯಾಯ.

ಆ 84 ಹಳ್ಳಿಗಳ ರೈತರ ಹೆಸರನ್ನು ಮುಂದಿಟ್ಟು ನಿರ್ಬಂಧ ತೆಗೆದದ್ದನ್ನು ಸಮರ್ಥಿಸುವವರಿದ್ದಾರೆ. ನೆರೆಯೂರಿನ ಭೂಮಿಯ ಬೆಲೆ ಏರುವುದನ್ನು ನೋಡುತ್ತ ಕುಳಿತ ಆ ರೈತರಿಗೆ ನಷ್ಟವಾಗಿರುವುದು ನಿಜ, ಅದನ್ನು ತುಂಬಿಕೊಡಬೇಕಾದದ್ದೂ ನ್ಯಾಯ. ಕೆಳಗಿನ ನಗರದ ಸುರಕ್ಷತೆಗಾಗಿ ಹೊಲವನ್ನು ಹೊಲವಾಗಿಯೇ ಉಳಿಸಿಕೊಂಡವರಿಗೆ ಎಕರೆಗೆ ಇಂತಿಷ್ಟೆಂದು ಪ್ರತಿ ವರ್ಷ ಹಣ ಕೊಡಲು ಯಾವ ಕಾನೂನೂ ಅಡ್ಡಿಯಿರಲಿಲ್ಲ. ಆದೇಶ ಸಂಖ್ಯೆ 111ನ್ನು ವಿಧಾನಸಭೆಯ ಕಾಯಿದೆಯಾಗಿಸಿ, ಆ ಹಣವನ್ನು ಮುಂಗಡಪತ್ರದಲ್ಲಿ ಸೇರಿಸುವ ದಾರಿ ಇಂದಿಗೂ ತೆರೆದಿದೆ. ಅದನ್ನು ಮಾಡದೆ, ಮುಂದಿನ ಮಳೆಗೆ ಮತ್ತೆ ಹವಾಮಾನ ಬದಲಾವಣೆಯನ್ನು ದೂರುವ ಹಕ್ಕು ಯಾವ ಮಂತ್ರಿಗೂ ಇಲ್ಲ.