ಬಣ್ಣದ ಪಟ್ಟಿಯೊಂದೇ ಸಾಕೆ?

ರಬ್ಬರಿನಂತೆ ಹಿಗ್ಗುವ ನೀಲಿ, ಗುಲಾಬಿ ಅಂಟುಪಟ್ಟಿ. ಸೆರೆಬ್ರಲ್ ಪಾಲ್ಸಿ ಇರೋ ಮಗುವಿನ ಬೆನ್ನಿಗೋ ಕಾಲಿಗೋ ಅಂಟಿಸಿದರೆ ಎದ್ದು ಓಡಾಡುತ್ತಂತೆ ಅಂದರೆ ಸಾಕು, ಹೆತ್ತವರು ಸಾಲ ಮಾಡಿಯಾದರೂ ಓಡುತ್ತಾರೆ. ಸ್ವಲ್ಪ ನಿಲ್ಲಿ ಸ್ವಾಮಿ!

ಜಪಾನಿನ ಕೆಂಜೊ ಕಾಸೆ 1979ರಲ್ಲಿ ತಂದ ಪಟ್ಟಿ ಇದು. ವ್ಯಾಯಾಮದ ಜೊತೆಗೆ ಹಾಕಿದಾಗ ಕೆಲವು ಮಕ್ಕಳಿಗೆ ಕೂರಲು, ಕೈಯಾಡಿಸಲು ಅನುಕೂಲವಾದದ್ದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆದರೆ ತೊಂದರೆ ಇರುವುದು ಮಿದುಳಿನಲ್ಲಿ. ಚರ್ಮದ ಮೇಲಿನ ಪಟ್ಟಿ ಅದನ್ನು ವಾಸಿಮಾಡದು. ಕೆರೆತ, ಗುಳ್ಳೆ ಕಂಡರೆ ಕಿತ್ತುಹಾಕಲೇಬೇಕು.

ಮಗುವಿಗೆ ಬೇಕಾದ್ದು ದಿನವೂ ವ್ಯಾಯಾಮ, ಅದನ್ನು ಕಲಿಸುವ ಕೈ. ಹೆಸರಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇರುವುದು ಇಂದಿರಾನಗರದಲ್ಲಿ. ಕೆಂಗೇರಿಯ ತಾಯಿ ಮಗುವನ್ನೆತ್ತಿಕೊಂಡು ವಾರಕ್ಕೆಷ್ಟು ಸಲ ಹೋದಾಳು? 2023ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸು ಪುಕ್ಕಟೆ, ಸರಿ. ಹೋದ ದಿನದ ಕೂಲಿ ಯಾರು ಕೊಡ್ತಾರೆ?

ಆದಾಯ ಕಡಿಮೆಯಿದ್ದವರಿಗೆ ಮನೆ ಹತ್ತಿರವೇ ಪುಕ್ಕಟೆ ಚಿಕಿತ್ಸೆ ಅನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಹಾಗಿದ್ದ ಮೇಲೆ ರಾಜಾಜಿನಗರ, ವಿಜಯನಗರ, ಕೆಂಗೇರಿಯ ಸರಕಾರಿ ಆಸ್ಪತ್ರೆಗಳಲ್ಲಿ ಈ ಮಕ್ಕಳಿಗೆಂದೇ ವಾರಕ್ಕೆರಡು ದಿನ ಫಿಸಿಯೋಥೆರಪಿಸ್ಟ್ ಕೂರಲಿ. ಪಟ್ಟಿ ಬೇಕೋ ಬೇಡವೋ, ಮಗುವನ್ನು ನೋಡಿ ಅವರೇ ಹೇಳಲಿ.