ಹಂಡೆಯಲ್ಲ, ಇದು ಬಾಯ್ಲರ್!

ನಮ್ಮ ಲಾಸ್ ಆಲ್ಟೋಸ್‌ನಿಂದ ಕೊಲ್ಲಿ ದಾಟಿದರೆ ಬರ್ಕ್ಲಿಯ ಟಿಲ್ಡನ್ ಪಾರ್ಕ್. 1936ರಲ್ಲಿ ಹುಟ್ಟಿದ ಗೋಲ್ಡನ್ ಗೇಟ್ ಲೈವ್ ಸ್ಟೀಮರ್ಸ್ ಸಂಘದವರು ಅಲ್ಲಿ ಪುಟ್ಟ ಉಗಿಬಂಡಿ ಓಡಿಸುತ್ತಾರೆ.

ಇಂಥ ಬಂಡಿಗಳ ತಾಮ್ರದ ಬಾಯ್ಲರ್ ಅಂದರೆ ನಮಗೆ ಬಚ್ಚಲುಮನೆಯ ಹಂಡೆ ನೆನಪಾಗುತ್ತೆ. ಆದರೆ ಹಂಡೆಗೆ ಬಾಯಿ ತೆರೆದಿದೆ, ಬಾಯ್ಲರ್‌ಗೆ ಇಲ್ಲ. 7 ಬಾರ್ ಒತ್ತಡದಲ್ಲಿ ಉಗಿಯ ಬಿಸಿ ಸುಮಾರು 170 ಡಿಗ್ರಿ ಸೆಲ್ಸಿಯಸ್. ಸೀಸ-ತವರದ ಬೆಸುಗೆ 183ಕ್ಕೇ ಕರಗತೊಡಗುತ್ತೆ. ಬೆಳ್ಳಿ ಬೆಸುಗೆಗೆ 600 ದಾಟಬೇಕು. ಹಾಗಾಗಿ ಬೆಳ್ಳಿ ಬೆಸುಗೆಯೇ ಸರಿ.

“ಮನೇಲೇ ಮಾಡಿದ್ದು, ಪರೀಕ್ಷೆ ಯಾಕೆ?” ಅನ್ನೋರಿಗೆ ನಮ್ಮ ಉತ್ತರ: ವಿನಾಯಿತಿ ಬೇಡ. ಮೊದಲು ತಣ್ಣೀರು ತುಂಬಿ ದುಪ್ಪಟ್ಟು ಒತ್ತಡ ಕೊಡಿ. ನೀರನ್ನು ಅಮುಕುವುದು ಕಷ್ಟ; ಬಿರುಕಿದ್ದರೆ ತೊಟ್ಟಿಕ್ಕುತ್ತೆ, ಅಷ್ಟೇ. ಉಗಿ ಹಾಗಲ್ಲ, ಸಿಡಿಯುತ್ತೆ. ಹಿಂದೆ ಮಕ್ಕಳು ಕೂತಿರುತ್ತಾರೆ. ಬಾಯ್ಲರ್‌ನ ಅಂದಕ್ಕೆ ಚಪ್ಪಾಳೆ ತಟ್ಟುವ ಮುನ್ನ ಪರೀಕ್ಷೆಯಾಯ್ತಾ ಅಂತ ಕೇಳೋಣ.